ಅನುವಾದ, ಓದು ಮತ್ತು ಬದುಕು: ಶ್ರೀರಂಗಪಟ್ಟಣ ಸೀಮೆಯ ಹಿನ್ನೆಲೆಯಲ್ಲಿ ಕನ್ನಡ ಬೈಬಲಿನ ಪ್ರಸ್ತುತತೆ

ಧರ್ಮಗ್ರಂಥವೊಂದರ ಪ್ರಸ್ತುತತೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ನಂಬಿಕೆಯ ಪ್ರಶ್ನೆಯೆಂದು ಭಾವಿಸಲಾಗುತ್ತದೆ. ಕನ್ನಡ ಬೈಬಲಿನ ಮಟ್ಟಿಗೆ ಅದು ಭಾಷೆಯ ಪ್ರಶ್ನೆಯೂ ಹೌದು. ಇನ್ನೊಂದು ನಾಡಿನಲ್ಲಿ, ಇನ್ನೊಂದು ಕಾಲದಲ್ಲಿ ಹುಟ್ಟಿದ ಗ್ರಂಥವು ಕನ್ನಡದ ಒಕ್ಕಲು ಮಕ್ಕಳ ಬದುಕಿಗೆ ಯಾವ ರೀತಿಯಲ್ಲಿ ಸಲ್ಲುತ್ತದೆ ಎಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಂಡ್ಯ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇಕಡಾ 1ಕ್ಕಿಂತಲೂ ಕಡಿಮೆ. ಆದರೂ ಈ ಸೀಮೆ ಮುಖ್ಯವಾಗಲು ಕಾರಣವಿದೆ. ಭಾರತೀಯ ಭಾಷೆಗಳಿಗೆ ಬೈಬಲನ್ನು ತರುವುದು ವ್ಯರ್ಥವೆಂಬ ವಾದವನ್ನು ಅತ್ಯಂತ ಖಚಿತವಾಗಿ ಮಂಡಿಸಿದ ಪಾದ್ರಿ ಬಹುಕಾಲ ದುಡಿದದ್ದು ಇಲ್ಲಿಯೇ.

ದ್ಯುಬುವಾ ಅವರ ಆಕ್ಷೇಪ

ಶ್ರೀರಂಗಪಟ್ಟಣಕ್ಕೆ ಕ್ರೈಸ್ತಧರ್ಮ ಬಂದದ್ದು 17ನೆಯ ಶತಮಾನದ ನಡುಭಾಗದಲ್ಲಿ, ಇಟಲಿಯ ಜೆಸ್ವಿತ ಪಾದ್ರಿ ಲಿಯೊನಾರ್ದೊ ಚಿನ್ನಮಿ ಅವರ ಮೂಲಕ. ಅವರ ಪರಂಪರೆಯವರು ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ಆದರೆ ಅವರ ಗಮನವಿದ್ದದ್ದು ಧರ್ಮೋಪದೇಶದ ಕಡೆಗೆ, ಬೈಬಲಿನ ಸಮಗ್ರ ಅನುವಾದದ ಕಡೆಗಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ ಪ್ಯಾರಿಸ್ ವಿದೇಶಿ ಮಿಷನ್ನಿನ ಅಬ್ಬೆ ಜೆ. ಎ. ದ್ಯುಬುವಾ ಇಲ್ಲಿಗೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಗಂಜಾಂನ ಚರ್ಚು ಇಂದಿಗೂ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿದ್ದುದು ಹೈದರ್ ಮತ್ತು ಟಿಪ್ಪು ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಬೀಡಿನಿಂದ. ದ್ಯುಬುವಾ ಅವರ ಬಗೆಯೇ ಬೇರೆ. ಅವರು ದೇಶೀಯರಂತೆ ಉಡುಪು ಧರಿಸಿ, ದೇಶೀಯರಂತೆ ಉಂಡು ‘ದೊಡ್ಡಸ್ವಾಮಿಯವರು’ ಎನಿಸಿಕೊಂಡರು.

1823ರಲ್ಲಿ ಭಾರತವನ್ನು ಬಿಟ್ಟ ದ್ಯುಬುವಾ ಅದೇ ವರ್ಷ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಅವರ ವಾದದಲ್ಲಿ ಎರಡು ಎಳೆಗಳಿವೆ. ಮೊದಲನೆಯದು, ಆಗಿನ ಅನುವಾದಗಳ ಶೈಲಿ ಒರಟಾದುದು, ಪಂಡಿತರ ಅವಹೇಳನಕ್ಕೆ ಗುರಿಯಾಗತಕ್ಕದ್ದು ಎಂಬುದು. ಎರಡನೆಯದು, ಗ್ರಂಥದ ವಸ್ತುವೇ ಇಲ್ಲಿನ ಆಚಾರವಂತರಿಗೆ ಅಸಹ್ಯವಾಗುವಂಥದು ಎಂಬುದು. ದಾರಿತಪ್ಪಿದ ಮಗನ ಸಾಮತಿಯಲ್ಲಿ ತಂದೆಯು ಕೊಬ್ಬಿದ ಕರುವನ್ನು ಕೊಯ್ಯಿಸುವ ಪ್ರಸಂಗ ಕೇಳುಗರಿಗೆ ಆಘಾತ ಉಂಟುಮಾಡುವುದರಿಂದ ಕರುವಿನ ಬದಲು ಕುರಿಮರಿಯನ್ನು ಹೇಳುವುದು ಲೇಸೆಂಬ ಸಲಹೆ ತಮಗೆ ಬಂದುದನ್ನು ಅವರು ನಿದರ್ಶನವಾಗಿ ಕೊಡುತ್ತಾರೆ. ಇದಕ್ಕೆ ಉತ್ತರವಾಗಿ 1824ರಲ್ಲಿ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್‌ಲಿ ಪ್ರತ್ಯೇಕ ಪುಸ್ತಕಗಳನ್ನು ಬರೆದರು.

ವಾದ ನಡೆಯುತ್ತಿದ್ದಾಗಲೇ ಅನುವಾದವೂ ನಡೆದಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಕೆಲಸ ಬಳ್ಳಾರಿಯ ಸಹೋದ್ಯೋಗಿಗಳ ನೆರವಿನಿಂದ 1831ರಲ್ಲಿ ಸಂಪೂರ್ಣ ಕನ್ನಡ ಬೈಬಲಾಗಿ ಕೈಗೂಡಿತು. ಅವರಲ್ಲೊಬ್ಬರಾದ ವಿಲಿಯಂ ರೀವ್ ಕನ್ನಡ ನಿಘಂಟುಕಾರರಾಗಿಯೂ ಪರಿಚಿತರು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ಪರಿಷ್ಕರಿಸಿದರು. ದ್ಯುಬುವಾ ಅವರ ಮೊದಲ ಆಕ್ಷೇಪಕ್ಕೆ ಈ ಪರಿಷ್ಕರಣೆಗಳೇ ಉತ್ತರ. ಎರಡನೆಯ ಆಕ್ಷೇಪವನ್ನು ಅನುವಾದಕರು ಒಪ್ಪಲಿಲ್ಲ. ಕನ್ನಡ ಬೈಬಲಿನಲ್ಲಿ ಕರು ಕರುವಾಗಿಯೇ ಉಳಿದಿದೆ.

ಎರಡು ಅನುವಾದಗಳು, ಎರಡು ಗೌರವರೂಪಗಳು

ಕ್ಯಾಥೊಲಿಕ್ ಸಭೆಯ ನಿಲುವು ನಿರ್ಣಾಯಕವಾಗಿ ಬದಲಾದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ದೈವವಾಣಿಯನ್ನು ಕುರಿತ 1965ರ ಅದರ ಶಾಸನವು ಬೈಬಲ್ ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ದೊರೆಯಬೇಕೆಂದು ವಿಧಿಸಿತು. ಇತರ ಕ್ರೈಸ್ತ ಸಭೆಗಳೊಡನೆ ಕೂಡಿ ಅನುವಾದ ಮಾಡಲು ಅವಕಾಶವನ್ನೂ ಕೊಟ್ಟಿತು. ಇಂದು ಕನ್ನಡದಲ್ಲಿ ಹಳೆಯ ‘ಸತ್ಯವೇದವು’ ಮತ್ತು ಆಡುನುಡಿಗೆ ಹತ್ತಿರವಾಗಲು ಯತ್ನಿಸಿದ ಸಾಮಾನ್ಯ ಭಾಷಾ ಅನುವಾದ ಎರಡೂ ಬಳಕೆಯಲ್ಲಿವೆ.

ಇವೆರಡರ ಪದಗಳನ್ನು ಹೋಲಿಸಿದರೆ ಕುತೂಹಲಕರ ಸಂಗತಿಗಳು ಹೊರಬೀಳುತ್ತವೆ. ಮೊದಲನೆಯದರ ‘ಯೆಹೋವ’ ಎರಡನೆಯದರಲ್ಲಿ ‘ಸರ್ವೇಶ್ವರ’ ಆಗಿದ್ದಾನೆ, ‘ಸುವಾರ್ತೆ’ಯು ‘ಶುಭಸಂದೇಶ’ವಾಗಿದೆ, ‘ದೀಕ್ಷಾಸ್ನಾನ’ವು ‘ಸ್ನಾನದೀಕ್ಷೆ’ಯಾಗಿದೆ. ದೀಕ್ಷೆ, ಸರ್ವೇಶ್ವರ ಎಂಬ ಪದಗಳು ಕನ್ನಡದ ಇತರ ಮತಪರಂಪರೆಗಳಿಗೂ ಸೇರಿದವು. ಹೊಸ ನಂಬಿಕೆ ನೆಲೆಯೂರಲು ನೆಲದ ಪದಗಳನ್ನೇ ಆಶ್ರಯಿಸಬೇಕಾಯಿತೆಂಬುದನ್ನು ಇವು ತೋರಿಸುತ್ತವೆ.

ಕ್ರಿಯಾಪದದ ಭೇದ ಇನ್ನೂ ಮುಖ್ಯವಾದುದು. ಹಳೆಯ ಅನುವಾದದಲ್ಲಿ ಯೇಸುವಿಗೆ ‘ಆತನು’, ‘ಹೇಳಿದನು’ ಎಂಬ ರೂಪಗಳಿದ್ದರೆ ಹೊಸದರಲ್ಲಿ ‘ಅವರು’, ‘ಹೇಳಿದರು’ ಎಂಬ ಬಹುವಚನ ರೂಪಗಳಿವೆ. ಪ್ರಾರ್ಥನೆಯಲ್ಲಿಯೂ ತಂದೆಯಾದ ದೇವರನ್ನು ಹಳೆಯದು ‘ನಿನ್ನ’ ಎಂದೂ ಹೊಸದು ‘ನಿಮ್ಮ’ ಎಂದೂ ಸಂಬೋಧಿಸುತ್ತದೆ. ಹೊಸ ರೂಪ ಹೆಚ್ಚು ಗೌರವಯುತವೆಂಬುದು ನಿಜ. ಆದರೆ ವಚನಕಾರರಿಗೂ ಹರಿದಾಸರಿಗೂ ದೈವದೊಡನೆ ಮಾತಾಡಲು ಒದಗಿದ್ದು ಏಕವಚನ. ಮಂಡ್ಯ ಸೀಮೆಯ ಹಳ್ಳಿಯ ಮನೆಗಳಲ್ಲಿ ಹೆತ್ತವರನ್ನು ‘ನೀನು’ ಎನ್ನುವ ರೂಢಿ ಇಂದಿಗೂ ಉಳಿದಿದೆ. ಅಲ್ಲಿ ಏಕವಚನ ಅಗೌರವವಲ್ಲ, ಆಪ್ತತೆ. ಹೀಗಾಗಿ ಆಧುನಿಕವೆನಿಸುವ ಅನುವಾದವೇ ಎಲ್ಲ ಸಂದರ್ಭಗಳಲ್ಲಿಯೂ ಹೆಚ್ಚು ಹತ್ತಿರದ್ದು ಎನ್ನಲಾಗದು. ನಿರೂಪಣೆಯಲ್ಲಿ ಗೌರವ, ಮೊರೆಯಲ್ಲಿ ಆಪ್ತತೆ ಎಂಬ ಎರಡು ಬೇಡಿಕೆಗಳನ್ನು ಒಂದೇ ಅನುವಾದ ಪೂರೈಸುವುದು ಕಷ್ಟ.

ಓದು ಬದುಕನ್ನು ಮುಟ್ಟುವ ಬಗೆ

ಈ ನಾಲ್ಕು ತಾಲ್ಲೂಕುಗಳ ಬದುಕು ಒಂದೇ ಬಗೆಯದಲ್ಲ. ಕಾವೇರಿಯ ನಾಲೆಗಳ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರದ ಬಯಲುಗಳಲ್ಲಿ ಭತ್ತ, ಕಬ್ಬು. ನಾಗಮಂಗಲದ ಬಹುಭಾಗದಲ್ಲಿ ಮಳೆಯನ್ನೇ ನಂಬಿದ ರಾಗಿಯ ಹೊಲ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ನೀರು ತಲುಪಿದ ಭಾಗ ಒಂದು ಬಗೆ, ತಲುಪದ ಭಾಗ ಇನ್ನೊಂದು ಬಗೆ. ಬಿತ್ತುವವನ ಸಾಮತಿಯ ದಾರಿಬದಿ, ಬಂಡೆನೆಲ, ಮುಳ್ಳುಪೊದೆಗಳಿಗೆ ಇಲ್ಲಿ ವ್ಯಾಖ್ಯಾನ ಬೇಕಿಲ್ಲ. ಆದರೆ ಪರಿಚಿತವಾದುದೇ ಪ್ರಸ್ತುತವೆಂದು ತಿಳಿಯುವುದು ಸರಿಯಲ್ಲ. ಗ್ರಂಥವು ಓದುಗನ ರೂಢಿಯನ್ನು ಪ್ರಶ್ನಿಸುವ ಕಡೆಯಲ್ಲಿಯೇ ಅದರ ಪ್ರಸ್ತುತತೆ ಎದ್ದುಕಾಣುತ್ತದೆ.

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಸಂಜೆ ಕೆಲಸಕ್ಕೆ ಬಂದವನಿಗೂ ಬೆಳಗಿನಿಂದ ದುಡಿದವನಷ್ಟೇ ಕೂಲಿ ಸಿಗುತ್ತದೆ. ಸಭೆಯ ಸಾಂಪ್ರದಾಯಿಕ ವ್ಯಾಖ್ಯಾನದಲ್ಲಿ ಇದು ದೇವರ ಕೃಪೆಯ ಚಿತ್ರ. ಕಬ್ಬು ಕಡಿಯುವ ದಿನಗೂಲಿಯವರ ನಡುವೆ ಇದಕ್ಕೆ ಇನ್ನೊಂದು ಅರ್ಥಪದರ ತೆರೆದುಕೊಳ್ಳುತ್ತದೆ: ಸಂಜೆಯವರೆಗೆ ಯಾರೂ ಕರೆಯದೆ ನಿಂತವನ ಮನೆಯ ಹಸಿವು ಕೆಲಸ ಸಿಕ್ಕವನ ಮನೆಯ ಹಸಿವಿಗಿಂತ ಕಡಿಮೆಯೇನಲ್ಲ. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ಏಳು ವರ್ಷಕ್ಕೊಮ್ಮೆ ಸಾಲದ ಬಿಡುಗಡೆಯನ್ನೂ ಯಾಜಕಕಾಂಡದ 25ನೆಯ ಅಧ್ಯಾಯ ಐವತ್ತನೆಯ ವರ್ಷದಲ್ಲಿ ಕಳೆದುಕೊಂಡ ಭೂಮಿಯ ಮರಳಿಕೆಯನ್ನೂ ವಿಧಿಸುತ್ತವೆ. 2015ರಲ್ಲಿ ರೈತರ ಆತ್ಮಹತ್ಯೆಗಳಿಂದ ತತ್ತರಿಸಿದ ಜಿಲ್ಲೆಯಲ್ಲಿ ಇವು ಪುರಾತನ ಶಾಸನಗಳಾಗಿ ಮಾತ್ರ ಕೇಳಿಸಲಾರವು. ಹಾಗೆಯೇ ಯೋಬನ ಗ್ರಂಥವು ಕಷ್ಟವೆಲ್ಲ ಪಾಪದ ಫಲವೆಂದು ವಾದಿಸುವ ಗೆಳೆಯರನ್ನು ಕೊನೆಗೆ ದೇವರಿಂದಲೇ ಖಂಡಿಸುತ್ತದೆ. ಸತ್ತವನ ಮನೆಯವರ ಮುಂದೆ ಕರ್ಮವನ್ನೋ ಶಾಪವನ್ನೋ ಹೇಳುವ ಬಾಯಿಗೆ ಇದಕ್ಕಿಂತ ಕಟುವಾದ ಉತ್ತರ ವಿರಳ.

ಹಾಗೆಂದು ಗ್ರಂಥದ ಪ್ರತಿ ಅಕ್ಷರವನ್ನೂ ಇಂದಿನ ಬದುಕಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಅದರಲ್ಲಿ ಯುದ್ಧಗಳಿವೆ, ದಾಸ್ಯದ ಒಪ್ಪಿಗೆಯಿದೆ, ಸ್ತ್ರೀಯರನ್ನು ಅಧೀನರೆಂದು ಕಾಣುವ ಮಾತುಗಳಿವೆ. 1965ರ ಶಾಸನವೇ ಗ್ರಂಥಕರ್ತರ ಕಾಲ, ಉದ್ದೇಶ ಮತ್ತು ಸಾಹಿತ್ಯಪ್ರಕಾರವನ್ನು ಗಮನಿಸಿ ಅರ್ಥೈಸಬೇಕೆಂದು ಹೇಳುತ್ತದೆ. ಮೊಬೈಲ್ ಫೋನಿನಲ್ಲಿ ವಾಕ್ಯಗಳು ಬಿಡಿಬಿಡಿಯಾಗಿ ಹರಿದಾಡುವ ಈ ಕಾಲದಲ್ಲಿ, ಸಂದರ್ಭದಿಂದ ಕಿತ್ತ ವಾಕ್ಯ ಸಾಂತ್ವನವೂ ಆಗಬಹುದು, ಆಯುಧವೂ ಆಗಬಹುದು. ಆದ್ದರಿಂದ ಸಾಹಿತ್ಯಕ ಓದಿನ ಶಿಸ್ತು ನಂಬಿಕೆಗೆ ವಿರೋಧಿಯಲ್ಲ, ಅದಕ್ಕೆ ಅಗತ್ಯವಾದ ಆಸರೆ.

ದ್ಯುಬುವಾ ಅವರು ಕನ್ನಡ ನಾಡನ್ನು ಅರಿಯದೆ ಮಾತಾಡಿದವರಲ್ಲ. ಶೈಲಿಯನ್ನು ಕುರಿತ ಅವರ ಎಚ್ಚರಿಕೆಯಲ್ಲಿ ಹುರುಳಿತ್ತು. ಆದರೆ ಅವರು ಅನುವಾದವನ್ನು ತೂಗಿದ್ದು ಆಚಾರವಂತ ಪಂಡಿತನ ಅಭಿರುಚಿಯ ತಕ್ಕಡಿಯಲ್ಲಿ. ಹೊಲದಲ್ಲಿ ದುಡಿದು ಬಂದು ವಾಕ್ಯವನ್ನು ಕಿವಿಯಿಂದಲೇ ಗ್ರಹಿಸುವ ಕೇಳುಗನಿಗೆ ಆ ತಕ್ಕಡಿಯಲ್ಲಿ ಸ್ಥಾನವಿರಲಿಲ್ಲ. ಕನ್ನಡ ಬೈಬಲಿನ ಪ್ರಸ್ತುತತೆಯನ್ನು ಅಳೆಯಬೇಕಾದದ್ದು ಆ ಕೇಳುಗನ ಬದುಕಿನಲ್ಲಿ. ಕನ್ನಡ ಅನುವಾದ ಸಾಹಿತ್ಯದ ಚರಿತ್ರೆಯಲ್ಲಿ ಮಿಷನರಿಗಳ ನಿಘಂಟು, ವ್ಯಾಕರಣಗಳಿಗೆ ದೊರೆತ ಗಮನ ಈ ಗ್ರಂಥದ ಭಾಷೆಗೂ ಅದರ ಕೇಳುಗರಿಗೂ ದೊರೆಯಬೇಕಾಗಿದೆ.