ಹೊಸ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ

ಕಲಬುರಗಿ ಜಿಲ್ಲೆಯ ಇಜೇರಿಯಂಥ ಊರಲ್ಲಿ ಪಹಣಿ, ಪರೀಕ್ಷೆಯ ಅರ್ಜಿ, ಮದುವೆ ಕಾರ್ಡು ಎಲ್ಲಕ್ಕೂ ಅಂಗಡಿಯ ಒಂದೇ ಡೆಸ್ಕ್‌ಟಾಪ್ ದುಡಿಯಬೇಕು. ಅದು ಆಮೆಯಾದಾಗ ಕಲಬುರಗಿಯಿಂದ ಇನ್ನೊಂದು ರ‍್ಯಾಮ್ ತಂದು ಹಾಕುವುದು ಅಗ್ಗದ ಉಪಾಯ. ಹಾಕಿದ ಮೇಲೆ ಬರೀ ಬೀಪ್ ಸದ್ದು ಬಂತು, ಇಲ್ಲವೇ ಅರ್ಜಿ ತುಂಬುವಾಗಲೇ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬ ನೀಲಿ ಪರದೆ ಬಂತು ಎನ್ನಿ. ‘ಹೊಸಾದೇ ಖರಾಬ್ ಅದ’ ಎಂದು ವಾಪಸ್ ಬಸ್ ಹತ್ತುವ ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಿ. ಎಷ್ಟೋ ಸಲ ಎರಡೂ ರ‍್ಯಾಮ್ ಸರಿಯಾಗಿಯೇ ಇರುತ್ತವೆ. ಅವು ಪರಸ್ಪರ ಹೊಂದುವುದಿಲ್ಲ, ಅಷ್ಟೆ.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಉಳಿದ ಕರೆಂಟು ಹೋಗಲಿ. ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಸೇರಿರುತ್ತದೆ, ಮೊದಲು ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ. ಸ್ಲಾಟಿನ ಧೂಳು ಊದಿಸಿ (ಬಾಯಿಂದಲ್ಲ, ಎಂಜಲು ಹಾರುತ್ತದೆ), ಎರಡೂ ತುದಿಯ ಕ್ಲಿಪ್ ತಾನಾಗಿ ಮುಚ್ಚುವವರೆಗೆ ರ‍್ಯಾಮ್ ಒತ್ತಿ ಕೂರಿಸಿ. ಕೂರದಿದ್ದರೆ ಬಲ ಬೇಡ. ಡಿಡಿಆರ್3ಗೆ 240 ಪಿನ್, 1.5 ವೋಲ್ಟ್, ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್, ಕಚ್ಚು ಇರುವ ಜಾಗವೂ ಬೇರೆ. ಕೂತ ಮಾತ್ರಕ್ಕೆ ಹೊಂದುತ್ತದೆಂದೂ ಅಲ್ಲ: ಎಎಂಡಿ ಬೋರ್ಡಿಗಷ್ಟೇ ಆಗುವ ಅಗ್ಗದ ಡಿಡಿಆರ್3 ರ‍್ಯಾಮ್‌ಗಳು ಇಂಟೆಲ್ ಬೋರ್ಡಿನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಅಸಲಿ ಪತ್ತೆ ಶುರುವಾಗುವುದು ಇಲ್ಲಿಂದ. ಹಳೆಯದನ್ನು ತೆಗೆದಿಟ್ಟು ಹೊಸದೊಂದನ್ನೇ ಹಾಕಿ. ಪೆನ್‌ಡ್ರೈವಿನಿಂದ ಓಡುವ ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಉಚಿತ, ವಿಂಡೋಸ್ ಏಳದಿದ್ದರೂ ಅದು ಕೆಲಸ ಮಾಡುತ್ತದೆ. ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಕಂಡರೂ ‘ಇರಲಿ ಬಿಡು’ ಎನ್ನುವಂತಿಲ್ಲ. ಆಮೇಲೆ ಅದೇ ಸ್ಲಾಟಿನಲ್ಲಿ ಹಳೆಯದನ್ನು, ನಂತರ ಇನ್ನೊಂದು ಸ್ಲಾಟಿನಲ್ಲಿ ಎರಡನ್ನೂ ಒಂದೊಂದಾಗಿ ಪರೀಕ್ಷಿಸಿ. ಯಾವ ಸ್ಲಾಟಿನಲ್ಲಿಟ್ಟರೂ ಒಂದೇ ರ‍್ಯಾಮ್ ತಪ್ಪುತ್ತಿದ್ದರೆ ಅದು ಹಾಳು, ಅಂಗಡಿಗೆ ಒಯ್ಯಿರಿ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ತಪ್ಪಾದರೆ ಮದರ್‌ಬೋರ್ಡಿನ ಮೇಲೆ ಅನುಮಾನ. ಬೇರೆ ಬೇರೆಯಾಗಿ ಪಾಸಾಗಿ ಜೊತೆಗಿಟ್ಟಾಗ ಮಾತ್ರ ತಪ್ಪಿದರೆ, ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯಾಸ್‌ಗೆ ಹೋಗಿ. ಎಕ್ಸ್‌ಎಂಪಿ (ವೇಗ ಹೆಚ್ಚಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ, ಎರಡರಲ್ಲಿ ನಿಧಾನವಾದುದರ ವೇಗಕ್ಕೆ ಇಳಿಸಿ. 2666ರ ಬದಲು 2400ರಲ್ಲಿ ಓಡಿದರೆ ಅರ್ಜಿ ತುಂಬುವವರಿಗೆ ವ್ಯತ್ಯಾಸವೇ ತಿಳಿಯದು.

ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಹ್ಯಾಂಗ್ ಆಗುವ ಯಂತ್ರವೂ ಉಂಟು. ರ‍್ಯಾಮಿನ ಪ್ರತಿ ಬಿಟ್ಟೂ ಸೋರುವ ಕೊಡ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಬೇಕು. ಬಿಸಿಯಾದಷ್ಟೂ ಸೋರಿಕೆ ಜಾಸ್ತಿ, ಚಿಪ್ 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬಬೇಕಾಗುತ್ತದೆ. ಹೊರಗೇ 40 ಡಿಗ್ರಿ ದಾಟುವ ನಮ್ಮ ಕಡೆಯ ಬೇಸಿಗೆಯಲ್ಲಿ ಫ್ಯಾನಿಗೆ ಧೂಳು ಮೆತ್ತಿದ್ದರೆ ದುರ್ಬಲ ರ‍್ಯಾಮ್ ಆಗಲೇ ಬಾಯಿಬಿಡುವುದು. ಹಾಗಾಗಿ ಮೇ ತಿಂಗಳ ಮಧ್ಯಾಹ್ನವೂ ಒಮ್ಮೆ ಪರೀಕ್ಷೆ ಓಡಿಸಿ.

ಇನ್ನು, 8 ಜಿಬಿ ಹಾಕಿದರೂ ವಿಂಡೋಸ್ 3 ಚಿಲ್ಲರೆ ಜಿಬಿಯನ್ನಷ್ಟೇ ಬಳಸುತ್ತಿದ್ದರೆ ಅದು 32 ಬಿಟ್‌ನದಾಗಿರಬಹುದು. 64 ಬಿಟ್‌ನದು ಹಾಕಿಸಿ.

ರ‍್ಯಾಮ್ ತಪ್ಪುತ್ತಿದ್ದ ದಿನಗಳಲ್ಲಿ ಸೇವ್ ಮಾಡಿದ ಫೈಲುಗಳು ಕೆಟ್ಟಿರುವ ಸಾಧ್ಯತೆ ಉಂಟು. ಗಿರಾಕಿಗಳ ಫೈಲುಗಳನ್ನು ತೆರೆದು ನೋಡಿ, ವಿಂಡೋಸ್‌ನ ‘ಸಿಸ್ಟಮ್ ಫೈಲ್ ಚೆಕರ್’ ಕೂಡ ಒಮ್ಮೆ ಓಡಿಸಿ.