ಕೋವಿಯ ತೂಕ ಇಳಿಸಿದರೆ ಭುಜ ಸಾಲ ತೀರಿಸಬೇಕು

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಊರುಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು; ಕೋವಿಯ ಭಾರ ಮಾತ್ರ ಉಳಿಯಿತು. ರಾತ್ರಿಯಿಡೀ ಹೊಲ ಕಾಯುವ ರೈತನಿಗೆ, ನಾಗರಹೊಳೆಯಲ್ಲಿ ಗಸ್ತು ತಿರುಗುವ ಕಾವಲುಗಾರನಿಗೆ ಮೂರು ಕಿಲೋ ದಾಟಿದ ಜೋಡುನಳಿಗೆ ಕೋವಿ ಸಣ್ಣ ಹೊರೆಯಲ್ಲ. ಕಡಿಮೆ ಖರ್ಚಿನಲ್ಲಿ ಅದನ್ನು ಹಗುರ ಮಾಡಬಹುದೇ?

ಮೊದಲು ಒದೆತದ ಲೆಕ್ಕ ನೋಡೋಣ. ಚರೆ ಎಷ್ಟು ಸಂವೇಗದಿಂದ ಮುಂದಕ್ಕೆ ಹಾರುತ್ತದೋ ಅಷ್ಟೇ ಸಂವೇಗದಿಂದ ಕೋವಿ ಹಿಂದಕ್ಕೆ ಒದೆಯುತ್ತದೆ. 30 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ. ಮದ್ದಿನ ಹೊಗೆಯ ಪಾಲು ಬಿಟ್ಟರೂ, 3.2 ಕಿಲೋ ಕೋವಿ ಸೆಕೆಂಡಿಗೆ 3.75 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ; ಭುಜ ತಡೆಯಬೇಕಾದ ಶಕ್ತಿ 22.5 ಜೂಲ್. ಅದೇ ಕೋವಿಯನ್ನು 2.4 ಕಿಲೋಗೆ ಇಳಿಸಿದರೆ ವೇಗ 5 ಮೀಟರ್, ಶಕ್ತಿ 30 ಜೂಲ್. ತೂಕ ಕಾಲು ಭಾಗ ಇಳಿದರೆ ಒದೆತ ಮೂರನೇ ಒಂದು ಭಾಗ ಏರುತ್ತದೆ.

ಮೈಸೂರು ಸಂಸ್ಥಾನದಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್‌ಗೆ ಇದು ಗೊತ್ತಿತ್ತು. 1878ರ ತನ್ನ ಪುಸ್ತಕದಲ್ಲಿ ಆತ ಹೇಳುವ ನಾಲ್ಕು ಬೋರಿನ ಜೋಡು ಕೋವಿ ಹತ್ತೊಂಬತ್ತೂವರೆ ಪೌಂಡು, ಅಂದರೆ ಒಂಬತ್ತು ಕಿಲೋಗೆ ಹತ್ತಿರ. ನಾಲ್ಕು ಬೋರಿನ ಸೀಸದ ಗುಂಡೊಂದರ ತೂಕ ಕಾಲು ಪೌಂಡು, 113 ಗ್ರಾಂ. ಅಂಥ ಗುಂಡನ್ನು ಹಗುರ ಕೋವಿಯಿಂದ ಹಾರಿಸಿದರೆ ಆನೆಗಿಂತ ಮೊದಲು ಬೀಳುವವನು ಬೇಟೆಗಾರನೇ.

ಹಾಗಾದರೆ ತೂಕ ಕೂತಿರುವುದೆಲ್ಲಿ? ಹೆಚ್ಚಿನದು ಉಕ್ಕಿನಲ್ಲಿ. ಹನ್ನೆರಡು ಬೋರಿನ ತೋಟಾ ಸಿಡಿದಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ ನೂರಾರು ಪಟ್ಟು. ರೈಫಲ್‌ನಲ್ಲಿ ಮೂರು ಸಾವಿರ ಪಟ್ಟನ್ನೂ ದಾಟಬಹುದು. ನಳಿಗೆಯ ಗೋಡೆ ದಪ್ಪಗಿರುವುದು ಅದಕ್ಕೇ. ಅದನ್ನು ತೆಳ್ಳಗೆ ಅರೆದರೆ ಕೋವಿಯೇ ಸಿಡಿಯಬಹುದು. ನಳಿಗೆ ಗಿಡ್ಡ ಮಾಡುವುದಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಪ್ರತ್ಯೇಕ ಪರವಾನಗಿ ಬೇಡುವ ಕೆಲಸ.

ತೂಕವನ್ನು ನಿಜಕ್ಕೂ ಇಳಿಸಬೇಕಾದರೆ ಒತ್ತಡ ಇಳಿಯಬೇಕು. ಆನೆ, ಹುಲಿ ಸೆರೆ ಹಿಡಿಯುವಾಗ ಅರಣ್ಯ ಇಲಾಖೆಯ ಪಶುವೈದ್ಯರು ಹಿಡಿಯುವ ಅರಿವಳಿಕೆ ಕೋವಿಯನ್ನು ನೋಡಿ. ಅದರ ಸಿರಿಂಜನ್ನು ತಳ್ಳುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಅನಿಲ. ಒತ್ತಡ ವಾತಾವರಣದ್ದರ ಕೆಲವು ಹತ್ತು ಪಟ್ಟು ಮಾತ್ರ. ತೆಳು ನಳಿಗೆಯೇ ಸಾಕು, ಸಾಕಾನೆಯ ಬೆನ್ನ ಮೇಲಿಂದಲೂ ಗುರಿ ಹಿಡಿಯಬಹುದು. ಆದರೆ ಅದರ ವ್ಯಾಪ್ತಿ ಕೆಲವೇ ಹತ್ತು ಮೀಟರ್. ಪ್ರಾಣಿಯ ಸನಿಹಕ್ಕೆ ಹೋಗಲೇಬೇಕು.

ಕೈಗೆ ತಗಲುವ ಭಾರ ಬರೀ ಕಿಲೋ ಲೆಕ್ಕವೂ ಅಲ್ಲ. ಗುದ್ದಲಿಯನ್ನು ಕಾವಿನ ತುದಿಯಲ್ಲಿ ಹಿಡಿದು ಅಡ್ಡಕ್ಕೆ ಎತ್ತಿದರೆ ತೋಳು ಬೇಗ ಸೋಲುತ್ತದೆ. ತಲೆಯ ಹತ್ತಿರ ಹಿಡಿದರೆ ಅದೇ ಗುದ್ದಲಿ ಹಗುರ. ಕೋವಿಯಲ್ಲೂ ಹಿಡಿದ ಕೈಯಿಂದ 60 ಸೆಂಟಿಮೀಟರ್ ಮುಂದಿರುವ 200 ಗ್ರಾಂ, 10 ಸೆಂಟಿಮೀಟರ್ ದೂರದ 200 ಗ್ರಾಂಗಿಂತ ಆರು ಪಟ್ಟು ತಿರುಚುತ್ತದೆ. ನಳಿಗೆಯ ಮೂತಿಗೆ ಟಾರ್ಚು ಕಟ್ಟಿಕೊಳ್ಳುವವರು ಈ ಲೆಕ್ಕ ನೆನಪಿಡಬೇಕು: ಟಾರ್ಚು ಹಣೆಗೆ ಹೋಗಲಿ, ಕೋವಿ ಅಗಲವಾದ ಪಟ್ಟಿಯಲ್ಲಿ ಹೆಗಲಿಗೆ ಬರಲಿ. ಪಟ್ಟಿ ತೂಕವನ್ನು ಒಂದು ಗ್ರಾಂ ಕೂಡ ಇಳಿಸುವುದಿಲ್ಲ. ದಣಿಯುವ ತೋಳಿನಿಂದ ಅದನ್ನು ಎಲುಬಿನ ಮೇಲಕ್ಕೆ ವರ್ಗಾಯಿಸುತ್ತದೆ. ಉಕ್ಕು ಮುಟ್ಟದೆ, ಕಾನೂನು ಮೀರದೆ, ಒದೆತ ಹೆಚ್ಚಿಸದೆ ಹೊರೆ ತಗ್ಗಿಸುವ ಅಗ್ಗದ ದಾರಿ ಅದೇ.