ಮುಯ್ಯಿ ಪುಸ್ತಕ ನನ್ನ ಕೈಗೇ ಯಾಕೆ?

ನಮ್ಮ ಬಳಗದಲ್ಲಿ ಯಾರ ಮದುವೆಯೇ ಆಗಲಿ, ಮುಯ್ಯಿ ಬರೆಯುವ ಪುಸ್ತಕ ಸುತ್ತಿ ಬಳಸಿ ನನ್ನ ತೊಡೆಯ ಮೇಲೆಯೇ ಬಂದು ಕೂರುತ್ತದೆ. "ಎಂ.ಎಸ್ಸಿ. ಮ್ಯಾತ್ಸ್ ಓದಿರೋನು, ಲೆಕ್ಕ ತಪ್ಪಲ್ಲ" ಎಂಬುದು ಹಿರಿಯರ ಭರವಸೆ. ಹೋದ ವರ್ಷ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಮೂರು ಸಲ ಕೂಡಿಸಿದೆ. ಮೂರು ಸಲವೂ ಬೇರೆ ಬೇರೆ ಮೊತ್ತ. ಕೊನೆಗೆ ಕಿರಾಣಿ ಅಂಗಡಿ ಇಟ್ಟಿರುವ ಭಾವ ಪುಸ್ತಕ ಕಸಿದುಕೊಂಡು, ಪೆನ್ನಿನ ತುದಿಯನ್ನು ಪುಟದ ಮೇಲಿಂದ ಕೆಳಕ್ಕೆ ಒಮ್ಮೆ ಜಾರಿಸಿ ಮೊತ್ತ ಹೇಳಿಬಿಟ್ಟರು. ಸರಿಯಾಗಿತ್ತು. "ಅದೇನ್ ಓದಿದ್ಯೋ ಮಾರಾಯ!" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪಾಠ ಮಾಡುತ್ತಾ ಬಂದ 22 ವರ್ಷಗಳಿಂದ ಇದೇ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ನಂಬಿಕೆ ಇಷ್ಟು: ಒಂದನೇ ಕ್ಲಾಸಿನಲ್ಲಿ ಸಣ್ಣ ಲೆಕ್ಕ, ಹೈಸ್ಕೂಲಿನಲ್ಲಿ ಮಧ್ಯಮ ಲೆಕ್ಕ, ಪಿಯುಸಿಯಲ್ಲಿ ಉದ್ದ ಲೆಕ್ಕ, ಹಾಗಾಗಿ ಎಂ.ಎಸ್ಸಿ.ಯಲ್ಲಿ ಗಜಗಾತ್ರದ ಲೆಕ್ಕ. ಪಿಎಚ್.ಡಿ. ಮಾಡಿದವನಂತೂ ನಡೆದಾಡುವ ಕ್ಯಾಲ್ಕುಲೇಟರ್. ಇದರಲ್ಲಿ ಅರ್ಧ ತಪ್ಪು ನಮ್ಮ "ಲೆಕ್ಕ" ಎಂಬ ಪದದ್ದೇ. ಹಾಲಿನವನದೂ ಲೆಕ್ಕ, ಮೇಷ್ಟ್ರದೂ ಲೆಕ್ಕ, ದೇವರು ಹಣೆಯಲ್ಲಿ ಬರೆದದ್ದೂ ಲೆಕ್ಕ. ಗಣಿತ ಅದರೊಳಗೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ.

ಎಂ.ಎಸ್ಸಿ. ಓದುವ ಯಾವುದೇ ಹುಡುಗಿಯ ಟೋಪಾಲಜಿ ನೋಟ್ಸ್ ತೆರೆದು ನೋಡಿ. ಪುಟ ಸಂಖ್ಯೆ ಬಿಟ್ಟರೆ ಅಂಕಿಗಳೇ ಅಪರೂಪ. ಇರುವುದು ಮಾತು. "ಹೀಗಿದೆ ಎಂದಿಟ್ಟುಕೊಳ್ಳಿ, ಆಗ ಹೀಗಾಗಬೇಕು, ಆದರೆ ಹಾಗಾಗುವುದು ಸಾಧ್ಯವಿಲ್ಲ, ಯಾಕೆಂದರೆ..." ಎಂದು ವಕೀಲರ ವಾದದ ಹಾಗೆ ಸಾಗುವ ವಾಕ್ಯಗಳು. ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇದೆಯೇ, ಇದ್ದರೆ ಒಂದೇ ಇದೆಯೇ, ಯಾಕಿದೆ ಎಂದು ಕೇಳುತ್ತಾರೆ.

ಒಂದು ಉದಾಹರಣೆ ಕೊಡದಿದ್ದರೆ ನಿಮಗೂ ನಂಬಿಕೆ ಬಾರದು. ಒಂದು ಮೀಟರ್ ಉದ್ದದ ಗೆರೆ ಎಳೆಯಿರಿ. ಅದರಲ್ಲಿ ಅರ್ಧ, ಮೂರರಲ್ಲೊಂದು, ಏಳರಲ್ಲೈದು ಹೀಗೆ ಎಲ್ಲ ಭಿನ್ನರಾಶಿಗಳ ಜಾಗದಲ್ಲೂ ಚುಕ್ಕಿ ಇಟ್ಟುಕೊಳ್ಳಿ. ಯಾವ ಎರಡು ಚುಕ್ಕಿಗಳ ನಡುವೆ ನೋಡಿದರೂ ಮತ್ತಷ್ಟು ಚುಕ್ಕಿ; ಸೂಜಿಮೊನೆಯಷ್ಟು ಜಾಗದಲ್ಲೂ ಅನಂತ ಚುಕ್ಕಿಗಳು. ಈಗ ಪ್ರಶ್ನೆ: ಆ ಚುಕ್ಕಿಗಳೆಲ್ಲ ಸೇರಿ ಗೆರೆಯಲ್ಲಿ ಎಷ್ಟು ಉದ್ದವನ್ನು ಆಕ್ರಮಿಸಿವೆ? ನಮ್ಮ ಭಾವನನ್ನು ಕೇಳಿದರೆ "ಪೂರ್ತಿ" ಅನ್ನುತ್ತಾರೆ. ಮೊದಲ ಸೆಮಿಸ್ಟರಿನ ಮಕ್ಕಳೂ ಹಾಗೇ ಅನ್ನುತ್ತಾರೆ.

ಚುಕ್ಕಿಗಳನ್ನು ಪಡಿತರ ಅಂಗಡಿಯ ಮುಂದಿನ ಹಾಗೆ ಸಾಲಾಗಿ ನಿಲ್ಲಿಸೋಣ. ಮೊದಲು ಅರ್ಧ, ಆಮೇಲೆ ಮೂರರಲ್ಲೊಂದು, ಮೂರರಲ್ಲೆರಡು, ನಾಲ್ಕರಲ್ಲೊಂದು, ನಾಲ್ಕರಲ್ಲಿ ಮೂರು... ಛೇದ ಬೆಳೆದಂತೆ ಸಾಲು ಬೆಳೆಯುತ್ತದೆ, ಯಾವ ಭಿನ್ನರಾಶಿಯೂ ತಪ್ಪಿಹೋಗುವುದಿಲ್ಲ. ಮೊದಲನೆಯದರ ಮೇಲೆ ಅರ್ಧ ಮಿಲಿಮೀಟರ್ ಅಗಲದ ಪಟ್ಟಿ ಅಂಟಿಸಿ. ಎರಡನೆಯದಕ್ಕೆ ಕಾಲು ಮಿಲಿಮೀಟರ್, ಮೂರನೆಯದಕ್ಕೆ ಅರೆಕಾಲು, ಹೀಗೆ ಪ್ರತಿ ಸಲವೂ ಹಿಂದಿನದರ ಅರ್ಧ. ಅನಂತ ಚುಕ್ಕಿಗಳೂ ಮುಚ್ಚಿಹೋದವು. ಖರ್ಚಾದ ಪಟ್ಟಿ ಎಷ್ಟು? ಅರ್ಧ, ಕಾಲು, ಅರೆಕಾಲು ಎಲ್ಲ ಕೂಡಿ ಬರೀ ಒಂದು ಮಿಲಿಮೀಟರ್. ಅರ್ಧ ಮಿಲಿಮೀಟರ್ ಬದಲು ಅದರ ಸಾವಿರದಲ್ಲೊಂದು ಭಾಗದಿಂದ ಶುರು ಮಾಡಿದರೂ ಕೆಲಸ ನಡೆಯುತ್ತದೆ, ಕೋಟಿಯಲ್ಲೊಂದು ಭಾಗದಿಂದಲೂ ನಡೆಯುತ್ತದೆ. ಅಂದರೆ ಗೆರೆಯ ತುಂಬ ಕಿಕ್ಕಿರಿದಿರುವ ಆ ಚುಕ್ಕಿಗಳ ಒಟ್ಟು ಉದ್ದ ಸೊನ್ನೆ!

ಉದ್ದ ಎಂದರೇನು ಎಂಬುದನ್ನೇ ಹೊಸದಾಗಿ ಕೇಳಿದವನು ಲೆಬೆಗ್ ಎಂಬ ಫ್ರೆಂಚ್ ಗಣಿತಜ್ಞ, 1902ರ ತನ್ನ ಪ್ರಬಂಧದಲ್ಲಿ. ಅದರ ಮೇಲೆ ನಿಂತ ಮೆಷರ್ ಥಿಯರಿ ಎಂ.ಎಸ್ಸಿ.ಯಲ್ಲಿ ಸಾಮಾನ್ಯವಾಗಿ ಒಂದಿಡೀ ಪೇಪರು. ಈ ವಾದದಲ್ಲಿ ಹತ್ತೊಂಬತ್ತರ ಮಗ್ಗಿ ಎಲ್ಲಾದರೂ ಬೇಕಾಯಿತೇ, ನೀವೇ ಹೇಳಿ.

20ನೇ ಶತಮಾನದ ಅತಿ ದೊಡ್ಡ ಗಣಿತಜ್ಞರಲ್ಲಿ ಒಬ್ಬನಾದ, 1966ರಲ್ಲಿ ಫೀಲ್ಡ್ಸ್ ಪದಕ ಪಡೆದ ಗ್ರೊಥೆಂಡೀಕ್ ಬಗ್ಗೆ ಗಣಿತದವರು ಚಪ್ಪರಿಸಿ ಹೇಳುವ ಕತೆಯೊಂದಿದೆ. ಅವಿಭಾಜ್ಯ ಸಂಖ್ಯೆಯ ಉದಾಹರಣೆ ಕೊಡಿ ಎಂದಾಗ ಆತ 57 ಅಂದನಂತೆ. ಅದು 19 ಮೂರಲಿ! ಆ ಮನುಷ್ಯ ಮುಯ್ಯಿ ಪುಸ್ತಕ ಹಿಡಿದಿದ್ದರೆ ಏನಾಗುತ್ತಿತ್ತೋ.

ಇನ್ನೊಂದು ಕಡೆ ನಮ್ಮ ಬೆಂಗಳೂರಿನವರೇ ಆದ ಶಕುಂತಲಾ ದೇವಿ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ, 26 ಅಂಕಿಗಳ ಉತ್ತರವನ್ನು 28 ಸೆಕೆಂಡಿನಲ್ಲಿ ಹೇಳಿದವರು. ಅದು ಅದ್ಭುತ ಪ್ರತಿಭೆ, ತಕರಾರೇ ಇಲ್ಲ. ಆದರೆ ಓಟಗಾರನ ಕಾಲಿಗೂ ಭರತನಾಟ್ಯದವರ ಕಾಲಿಗೂ ಇರುವಷ್ಟೇ ನಂಟು ಆ ಪ್ರತಿಭೆಗೂ ಗಣಿತ ಸಂಶೋಧನೆಗೂ. ಎರಡಕ್ಕೂ ಕಾಲು ಬೇಕು, ಅಷ್ಟೇ.

ಮದುವೆಮನೆಯ ತಮಾಷೆಯಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಪಿಯುಸಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಮಕ್ಕಳು, ಸೂತ್ರಕ್ಕೆ ಬೆಲೆ ತುಂಬಿ ಉತ್ತರ ತೆಗೆಯುವುದರಲ್ಲಿ ಪಳಗಿದವರು, ಅದನ್ನೇ ದೊಡ್ಡದಾಗಿ ಮಾಡಲು ಎಂ.ಎಸ್ಸಿ.ಗೆ ಬರುತ್ತಾರೆ. ಮೊದಲ ಇಂಟರ್ನಲ್ಸ್‌ನಲ್ಲಿ 20ಕ್ಕೆ 4. "ಸರ್, ಪ್ರಾಬ್ಲಂ ಕೊಡಿ, ಥಿಯರಿ ಬೇಡ" ಎಂದು ಅಂಗಲಾಚುತ್ತಾರೆ. ಇಲ್ಲಿ ಥಿಯರಿಯೇ ಪ್ರಾಬ್ಲಂ, ಮಗೂ! ಆಮೇಲೆ ಪ್ರೂಫ್‌ಗಳನ್ನು ಬಾಯಿಪಾಠ ಮಾಡುತ್ತಾರೆ; ನಮ್ಮ ಪ್ರಶ್ನೆಪತ್ರಿಕೆಗಳೂ ಹಳೆಯ ಪ್ರಶ್ನೆಗಳನ್ನೇ ತಿರುವಿ ಹಾಕಿ ಅವರನ್ನು ಪಾಸು ಮಾಡುತ್ತವೆ. ನೆಟ್ ಪರೀಕ್ಷೆಯಲ್ಲಿ ಅದೇ ಪ್ರಮೇಯ ಸ್ವಲ್ಪ ವೇಷ ಬದಲಿಸಿ ಬಂದರೆ ಗುರುತೇ ಸಿಗುವುದಿಲ್ಲ. ಇನ್ನೊಂದು ಬಗೆಯ ಮಕ್ಕಳೂ ಇದ್ದಾರೆ: ಕೂಡುವುದು ಕಳೆಯುವುದರಲ್ಲಿ ನಿಧಾನ, ಆದರೆ "ಋಣ ಋಣ ಗುಣಿಸಿದರೆ ಧನ ಯಾಕಾಗಬೇಕು" ಎಂದು ಏಳನೇ ಕ್ಲಾಸಿನಲ್ಲಿ ಕೇಳಿ ಬೈಸಿಕೊಂಡವರು. ಅವರಿಗೆ ಯಾರೋ "ನಿನಗೆ ಲೆಕ್ಕ ಹತ್ತಲ್ಲ" ಎಂದು ಹೇಳಿ ಬೇರೆ ಕಡೆಗೆ ಅಟ್ಟಿಬಿಟ್ಟಿರುತ್ತಾರೆ. ನಿಜವಾಗಿ ಎಂ.ಎಸ್ಸಿ.ಗೆ ಬರಬೇಕಾದವರು ಅವರೇ.

ಈ ಭ್ರಮೆಯ ಮೇಲೆ ಅಂಗಡಿಗಳೂ ನಡೆಯುತ್ತವೆ. ಅವುಗಳಲ್ಲಿ "ವೇದಗಣಿತ"ದ್ದು ಜೋರು ವ್ಯಾಪಾರ. 97 ಗುಣಿಸು 96: ನೂರಕ್ಕೆ 3 ಕಡಿಮೆ, 4 ಕಡಿಮೆ, 97ರಲ್ಲಿ 4 ಕಳೆದರೆ 93, ಮೂರು ನಾಲ್ಕಲಿ 12, ಉತ್ತರ 9312. ಅಪ್ಪ ಅಮ್ಮ ಬೆರಗಾಗಿ ಫೀಸು ಕಟ್ಟುತ್ತಾರೆ. ಎಂಟನೇ ತರಗತಿಯ ಬೀಜಗಣಿತದಲ್ಲಿ ಎರಡು ಕಂಸಗಳನ್ನು ಗುಣಿಸಲು ಬಂದರೆ ಇದರ ಗುಟ್ಟು ಎರಡೇ ಸಾಲು. ಈ ಸೂತ್ರಗಳು ಬಂದದ್ದು ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರ ಪುಸ್ತಕದಿಂದ. ಅದು ಅವರ ಕಾಲಾನಂತರ, 1965ರಲ್ಲಿ ಅಚ್ಚಾಯಿತು. ಇವು ಅಥರ್ವವೇದದ್ದೆಂದು ಹೇಳಿಕೊಂಡರೂ, ಅದರ ಈಗ ತಿಳಿದಿರುವ ಪರಿಶಿಷ್ಟಗಳಲ್ಲಿ ಈ ಸೂತ್ರಗಳು ಇಲ್ಲ ಎಂದು ಆ ಪುಸ್ತಕದ ಸಂಪಾದಕರೇ ಬರೆದಿದ್ದಾರೆ. ಆದರೆ ಪುಸ್ತಕದ ಮುನ್ನುಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರು ಫಾರ್ವರ್ಡ್ ಮಾಡುತ್ತಾರೆ?

ಹೆಮ್ಮೆ ಪಡಲು ಸುಳ್ಳೇ ಬೇಕೇ? ವೇದಗಳ ಕಾಲದ ಶುಲ್ಬಸೂತ್ರಗಳಲ್ಲಿ ನಿಜವಾದ ರೇಖಾಗಣಿತವಿದೆ. ಸುಮಾರು ಕ್ರಿ.ಶ. 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ "ಗಣಿತಸಾರಸಂಗ್ರಹ" ಬರೆದ. ಋಣಸಂಖ್ಯೆ ಯಾವುದರ ವರ್ಗವೂ ಆಗಲಾರದು, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಅದರಲ್ಲಿ ಹೇಳಿದ್ದಾನೆ. ಗಮನಿಸಿ, ಇದು ಲೆಕ್ಕವಲ್ಲ. ಒಂದು ವಸ್ತು ಇದೆಯೋ ಇಲ್ಲವೋ ಎಂಬ ವಿಚಾರ. ನಮ್ಮ ಎಂ.ಎಸ್ಸಿ. ತರಗತಿಯಲ್ಲಿ ಆತನಿಗೆ ಮುಂದಿನ ಬೆಂಚು ಕೊಡಬಹುದು. ಅದೇ ಮಹಾವೀರ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೂ ಬರೆದ. ಅದು ತಪ್ಪು. ದೊಡ್ಡವನ ಮಾತಿನಲ್ಲಿ ಸರಿಯನ್ನು ಸರಿ, ತಪ್ಪನ್ನು ತಪ್ಪು ಎನ್ನುವ ಅಭ್ಯಾಸವೇ ಗಣಿತ, ಮತ್ತು ನಮ್ಮ ಜನಕ್ಕೆ ಬೇಡವಾಗಿರುವುದೂ ಅದೇ. ಮೂಲ ಕೇಳಿದರೆ "ನಿಮಗೆ ಸಂಸ್ಕೃತಿ ಮೇಲೆ ಗೌರವ ಇಲ್ಲ" ಎಂಬ ಉತ್ತರ ಬರುತ್ತದೆ.

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ಗಣಿತದಲ್ಲಿ ಕಂಡುಹಿಡಿಯಲು ಏನೂ ಉಳಿದಿಲ್ಲ ಎನ್ನುವವರಿಗೆ: ಎರಡಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯಗಳ ಮೊತ್ತವೇ ಎಂಬ ಗೋಲ್ಡ್‌ಬಾಕ್‌ನ ಊಹೆ 1742ರಿಂದ ಹಾಗೇ ಬಿದ್ದಿದೆ. ಹೆಣ್ಣುಮಕ್ಕಳಿಗೆ ಗಣಿತ ಒಗ್ಗದು ಎನ್ನುವವರಿಗೆ: 2014ರಲ್ಲಿ ಮರಿಯಂ ಮಿರ್ಜಾಖಾನಿ, 2022ರಲ್ಲಿ ಮರಿನಾ ವಿಯಾಜೊವ್‌ಸ್ಕಾ, ಇಬ್ಬರಿಗೂ ಫೀಲ್ಡ್ಸ್ ಪದಕ. ಹೆಂಡತಿ ಒಬ್ಬ ಗಣಿತಜ್ಞನ ಜತೆ ಓಡಿಹೋದಳೆಂದು ನೊಬೆಲ್ ಗಣಿತಕ್ಕೆ ಬಹುಮಾನ ಇಡಲಿಲ್ಲವಂತೆ; ನೊಬೆಲ್ ಮದುವೆಯೇ ಆಗಿರಲಿಲ್ಲ.

ರಾಮಾನುಜನ್‌ಗೆ ದೇವಿ ಕನಸಿನಲ್ಲಿ ಸೂತ್ರ ಕೊಟ್ಟಳು, ಓದು ಗೀದು ಏನೂ ಬೇಕಾಗಲಿಲ್ಲ ಎನ್ನುವವರಿಗೆ ಮಾತ್ರ ಇನ್ನೆರಡು ಮಾತು. 1914ರಿಂದ ಐದು ವರ್ಷ ಆತ ಇಂಗ್ಲೆಂಡಿನಲ್ಲಿದ್ದದ್ದು ಗಣಿತಜ್ಞ ಹಾರ್ಡಿಯ ಜತೆ ಕೂತು ದುಡಿಯಲು. ಆತ ಬರೆದಿಟ್ಟ ಸೂತ್ರಗಳಿಗೆ ಸಾಧನೆ ಒದಗಿಸಲು ಮುಂದಿನವರು ದಶಕಗಟ್ಟಲೆ ಬೆವರು ಸುರಿಸಿದರು. ಆತನ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯದ ಕೆಲಸ 1985ರಲ್ಲಿ ಪ್ರಕಟವಾದಾಗ ಗಣಿತಜ್ಞ ಬ್ರೂಸ್ ಬರ್ನ್ಟ್ ಜತೆ ಮೈಸೂರಿನ ಚಂದ್ರಶೇಖರ ಅಡಿಗ, ಎಸ್. ಭಾರ್ಗವ ಅವರ ಹೆಸರುಗಳಿದ್ದವು. ಕನಸಿನ ಕತೆ ಎಲ್ಲರಿಗೂ ಗೊತ್ತು, ಈ ಹೆಸರುಗಳು ಮೈಸೂರಿನಲ್ಲೇ ಎಷ್ಟು ಜನಕ್ಕೆ ಗೊತ್ತು?

ಎಂ.ಎಸ್ಸಿ. ಗಣಿತಕ್ಕೆ ಸೇರಲೋ ಬೇಡವೋ ಎಂದು ಯೋಚಿಸುತ್ತಿರುವ ಮಕ್ಕಳು ಒಂದು ಕೆಲಸ ಮಾಡಿ. ಎರಡರ ವರ್ಗಮೂಲ ಭಿನ್ನರಾಶಿಯಲ್ಲ ಎಂಬ ಸಾಧನೆ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ; ಅಂಕಕ್ಕಾಗಿ ಉರುಹೊಡೆದೂ ಇರುತ್ತೀರಿ. ಪುಸ್ತಕ ಮುಚ್ಚಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಆಮೇಲೆ ಎರಡರ ಜಾಗದಲ್ಲಿ ನಾಲ್ಕು ಇಟ್ಟು ಅದನ್ನೇ ಮತ್ತೆ ಬರೆಯಿರಿ. ನಾಲ್ಕರ ವರ್ಗಮೂಲ ಎರಡು ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಸಾಧನೆ ಎಲ್ಲೋ ಒಂದು ಸಾಲಿನಲ್ಲಿ ಕುಸಿಯಲೇಬೇಕು. ಆ ಸಾಲು ಯಾವುದೆಂದು ಸಿಕ್ಕುವ ತನಕ ನಿಮಗೆ ಊಟ ಸೇರದಿದ್ದರೆ ಅರ್ಜಿ ಹಾಕಿ. ಮಗ್ಗಿ ಬರದಿದ್ದರೂ ಪರವಾಗಿಲ್ಲ.